ಎರಡೂ ತಂಡಗಳು ನಮ್ಮವೇ

(ಶತಮಾನೋತ್ಸವದ ಕ್ರೀಡಾದಿನದಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವದ ಸಭೆಗಳಲ್ಲಿ ನಾಡು ನುಡಿಯ ಬಗೆಗೂ ಈ ಶಾಲೆಯನ್ನು ಕಟ್ಟಿದವರ ತ್ಯಾಗದ ಬಗೆಗೂ ಅನೇಕರು ಮಾತನಾಡಿದ್ದಾರೆ. ಇಂದು ಕ್ರೀಡಾದಿನ. ಆದುದರಿಂದ ಬಹುಮಾನ ವಿತರಣೆಗೆ ಮುನ್ನ ನಾವು ಫುಟ್‌ಬಾಲ್ ಆಟದ ಎರಡು ಅಂತಿಮ ಪಂದ್ಯಗಳ ಪ್ರಸ್ತಾಪ ಮಾಡಬಯಸುತ್ತೇವೆ. ಅವು ನಡೆದದ್ದು ದೂರದ ಮುಂಬಯಿಯಲ್ಲಿ. ಆದರೂ ಗಡಿನಾಡಿನ ಕನ್ನಡಿಗರಾದ ನಮಗೆ ಅವು ಹೇಳುವ ಮಾತು ಹತ್ತಿರದ್ದು.

1891ರಲ್ಲಿ ಆರಂಭವಾದ ರೋವರ್ಸ್ ಕಪ್ ನಮ್ಮ ದೇಶದ ಹಳೆಯ ಫುಟ್‌ಬಾಲ್ ಪಂದ್ಯಾವಳಿಗಳಲ್ಲೊಂದು. 1950ರಲ್ಲಿ ಅದರ ಅಂತಿಮ ಪಂದ್ಯಕ್ಕೆ ಬಂದ ತಂಡಗಳು ಎರಡು: ಹೈದರಾಬಾದ್ ಸಿಟಿ ಪೊಲೀಸ್ ಮತ್ತು ಬೆಂಗಳೂರಿನ ಆರ್ಯನ್ ಜಿಮ್‌ಖಾನಾ. ಮರುವರ್ಷ ಅದೇ ಹೈದರಾಬಾದ್ ತಂಡಕ್ಕೆ ಎದುರಾದದ್ದು ಬೆಂಗಳೂರಿನ ವಿಮಾನ ಕಾರ್ಖಾನೆಯ ಹಿಂದುಸ್ತಾನ್ ಏರ್‌ಕ್ರಾಫ್ಟ್ ತಂಡ. ಎರಡು ಸಲವೂ ಹೈದರಾಬಾದ್ ಗೆದ್ದಿತು. ಮುಂದೆ 1954ರವರೆಗೆ ಸತತವಾಗಿ ಐದು ವರ್ಷ ಆ ಕಪ್ ಹೈದರಾಬಾದಿನಲ್ಲೇ ಉಳಿಯಿತು. ಬೆಂಗಳೂರೇನೂ ಸಾಮಾನ್ಯವಾಗಿರಲಿಲ್ಲ. 1937 ಮತ್ತು 1938ರಲ್ಲಿ, ಮತ್ತೆ 1948ರಲ್ಲಿ ಇದೇ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಗೆದ್ದುಕೊಂಡಿತ್ತು. ಕೊನೆಯ ಸಲ ಅದು ಸೋಲಿಸಿದ್ದು ಕೋಲ್ಕತ್ತೆಯ ಮೋಹನ್ ಬಗಾನ್ ತಂಡವನ್ನು. ದೊಡ್ಡ ಹೆಸರಿನ ತಂಡಗಳ ನಡುವೆ ಪೊಲೀಸರ ತಂಡವೂ ಕಾರ್ಖಾನೆಯ ತಂಡವೂ ಅಂತಿಮ ಹಂತಕ್ಕೆ ಬಂದವೆಂಬುದೇ ಸಂತೋಷದ ಸಂಗತಿ.

ಆ ವರ್ಷಗಳಲ್ಲಿ ನಾವು ಎಲ್ಲಿದ್ದೆವು? ನಾರಾಯಣಪೇಟೆ, ಮಕ್ತಲ್ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಗದ್ವಾಲ ರಾಯಚೂರು ಜಿಲ್ಲೆಯ ತಾಲೂಕಾಗಿತ್ತು. ರಾಯಚೂರು, ಕಲಬುರಗಿ, ಬೀದರಗಳೂ ನಮ್ಮಂತೆಯೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಅಂದರೆ ಅಂದಿನ ಒಂದು ಕನ್ನಡ ಮನೆಗೆ ರಾಜ್ಯದ ತಂಡ ಹೈದರಾಬಾದಿನದು. ತನ್ನ ನುಡಿಯನ್ನಾಡುವ ಮೈಸೂರು ರಾಜ್ಯದ ತಂಡ ಬೆಂಗಳೂರಿನದು. 1956ರ ನವೆಂಬರ್ 1ರಂದು ನಕ್ಷೆ ಬದಲಾಯಿತು. ರಾಯಚೂರು ಬೆಂಗಳೂರಿನೊಡನೆ ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಹೈದರಾಬಾದಿನೊಡನೆ ಆಂಧ್ರಪ್ರದೇಶಕ್ಕೆ ಬಂದವು. 2014ರಲ್ಲಿ ರಾಜ್ಯದ ಹೆಸರು ತೆಲಂಗಾಣವಾಯಿತು. ಇಷ್ಟೆಲ್ಲ ಆದರೂ ಮಕ್ಕಳನ್ನು ತೊಟ್ಟಿಲಲ್ಲಿ ತೂಗುವಾಗ ನಮ್ಮ ತಾಯಂದಿರು ಹಾಡುವ ನುಡಿ ಬದಲಾಗಲಿಲ್ಲ.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಹಾಗಾದರೆ ನಾವು ಯಾರ ಕಡೆ, ಟೀಚರ್?" ಪಾಲಕರೂ ಬೇರೆ ಮಾತಿನಲ್ಲಿ ಇದನ್ನೇ ಕೇಳುತ್ತಾರೆ. ತೆಲಂಗಾಣದಲ್ಲಿದ್ದು ಕನ್ನಡದಲ್ಲಿ ಓದಿದರೆ ಮಕ್ಕಳು ಎಲ್ಲಿಗೂ ಸಲ್ಲದವರಾಗುವುದಿಲ್ಲವೇ ಎಂಬುದು ಅವರ ಅಳುಕು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಉತ್ತರ ಹುಡುಕುವಾಗ ಆ ಗೆಲುವಿನ ಹಿಂದಿದ್ದ ಒಬ್ಬರು ನಮಗೆ ನೆನಪಾಗುತ್ತಾರೆ.

ಅವರು ಸೈಯದ್ ಅಬ್ದುಲ್ ರಹೀಂ. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಾಲಾ ಶಿಕ್ಷಕರಾದವರು. ಎಲ್ಲರ ಬಾಯಲ್ಲಿ ರಹೀಂ ಸಾಹೇಬರು. 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ, 1950ರಿಂದ ಪೊಲೀಸ್ ತಂಡದ ತರಬೇತುದಾರರಾಗಿ ದುಡಿದರು. ಅವರ ತರಬೇತಿಯಲ್ಲಿ ಭಾರತ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನೂ 1962ರ ಜಕಾರ್ತಾ ಕೂಟದಲ್ಲಿ ದಕ್ಷಿಣ ಕೊರಿಯಾವನ್ನೂ ಸೋಲಿಸಿ ಚಿನ್ನ ಗೆದ್ದಿತು; ನಡುವೆ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಜಕಾರ್ತಾದ ಗೆಲುವಿನ ಮರುವರ್ಷ, 1963ರ ಜೂನ್‌ನಲ್ಲಿ, ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು.

ಶಿಕ್ಷಕರಾದ ನಮಗೆ ಪದಕಗಳಿಗಿಂತಲೂ ಅವರ ಕಲಿಸುವ ಬಗೆ ಹೆಚ್ಚು ಪ್ರಿಯವಾದುದು. ಗಿಡ್ಡ ಮಕ್ಕಳನ್ನು ಎತ್ತರದವರು ತುಳಿದುಹಾಕದಿರಲೆಂದು ಅವರು ಎತ್ತರಕ್ಕೆ ಮಿತಿಯಿಟ್ಟ ಪಂದ್ಯಗಳನ್ನು ಏರ್ಪಡಿಸಿದರು. ಬಲವಿಲ್ಲದ ಕಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕೆಂಬ ನಿಯಮದ ಪಂದ್ಯಗಳನ್ನೂ ಆಡಿಸಿದರು. ಬಲಗಾಲಿನ ಆಟಗಾರ ಎಡಗಾಲನ್ನು ಪಳಗಿಸಿದರೆ ಬಲಗಾಲಿನ ಶಕ್ತಿ ಕುಂದುವುದಿಲ್ಲ. ಯಾವ ಕಡೆಯಿಂದ ಚೆಂಡು ಬಂದರೂ ಅವನು ಸಿದ್ಧನಾಗಿರುತ್ತಾನೆ.

ಪಾಲಕರೇ, ನಿಮ್ಮ ಪ್ರಶ್ನೆಗೆ ನಮ್ಮ ಉತ್ತರವೂ ಇದೇ. ನಮ್ಮ ಮಕ್ಕಳು ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿಯುತ್ತಾರೆ. ರಾಜ್ಯದ ಭಾಷೆಯಾದ ತೆಲುಗನ್ನೂ ಇಂಗ್ಲಿಷನ್ನೂ ಜೊತೆಗೆ ಕಲಿಯುತ್ತಾರೆ. ಅರ್ಥಮಾಡಿಕೊಳ್ಳುವ ಶಕ್ತಿ ಮೊದಲು ಮನೆಯ ನುಡಿಯಲ್ಲಿ ಬಲಿಯಲಿ. ಇನ್ನೊಂದು ಕಾಲನ್ನು ಪಳಗಿಸುವ ಹೊಣೆ ಶಾಲೆಯದು. ತೆಲುಗಿನಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆ ಬೇರೆ ಪಾಠ ಬೇಕೆಂದು ನೀವು ಕೇಳಿದರೆ ಅದು ನ್ಯಾಯವಾದ ಬೇಡಿಕೆ, ಅದನ್ನು ನಡೆಸಿಕೊಡುತ್ತೇವೆ. ಮಕ್ಕಳೇ, ನಿಮಗೆ ಹೇಳುವುದಿಷ್ಟೆ: ಹೈದರಾಬಾದ್ ಗೆದ್ದರೂ ನಿಮ್ಮದೇ, ಬೆಂಗಳೂರು ಗೆದ್ದರೂ ನಿಮ್ಮದೇ. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದುದಕ್ಕೂ ಹಿಗ್ಗಿರಿ. ನಮ್ಮ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಗುಗುಲೋತ್ ಸೌಮ್ಯಾ ಭಾರತದ ಮಹಿಳಾ ತಂಡದಲ್ಲಿ ಆಡುತ್ತಿರುವುದಕ್ಕೂ ಹಿಗ್ಗಿರಿ. ಹೆಣ್ಣುಮಕ್ಕಳೇ, ಆ ಹೆಸರನ್ನು ವಿಶೇಷವಾಗಿ ನೆನಪಿಡಿ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಶತಮಾನೋತ್ಸವದ ನೆನಪಿಗಾಗಿ ಈ ಮೈದಾನದಲ್ಲಿ ಸಭಾಭವನವೊಂದನ್ನು ಕಟ್ಟಿಸಿಕೊಡಬೇಕೆಂದು ನಿಮ್ಮಲ್ಲಿ ಕೆಲವರು ಉದಾರ ಮನಸ್ಸಿನಿಂದ ಮುಂದೆ ಬಂದಿದ್ದೀರಿ. ನಿಮ್ಮ ಪ್ರೀತಿಗೆ ನಾವು ತಲೆಬಾಗುತ್ತೇವೆ. ಆದರೆ ಭವನ ಎದ್ದರೆ ಗೋಲು ಕಂಬ ನಿಲ್ಲಿಸಲು ಜಾಗವಿರುವುದಿಲ್ಲ. ಭವನದಲ್ಲಿ ಸಭೆ ನಡೆಯುವುದು ವರ್ಷಕ್ಕೆ ಕೆಲವು ದಿನ. ಮೈದಾನದಲ್ಲಿ ಮಕ್ಕಳು ಓಡುವುದು ದಿನವೂ. ಇಲ್ಲಿ ಕನ್ನಡದ ಮಗು, ತೆಲುಗಿನ ಮಗು, ಉರ್ದುವಿನ ಮಗು ಒಂದೇ ಚೆಂಡಿನ ಹಿಂದೆ ಓಡುತ್ತವೆ. ಸಂಜೆ ಬೇರೆ ಶಾಲೆಗಳ ಮಕ್ಕಳೂ ಬಂದು ಕೂಡಿಕೊಳ್ಳುತ್ತಾರೆ. ಅವರ ಮನೆಯವರು ಕನ್ನಡ ಶಾಲೆಯೊಂದು ಇಲ್ಲಿದೆಯೆಂದು ತಿಳಿಯುವುದೂ, ಕೆಲವರು ಮರುವರ್ಷ ಮಕ್ಕಳ ಹೆಸರು ಬರೆಸಲು ಬರುವುದೂ ಈ ಮೈದಾನದ ದಾರಿಯಿಂದಲೇ.

ಆದುದರಿಂದ ನಿಮ್ಮ ಕಾಣಿಕೆ ಸುತ್ತಲಿನ ಗೋಡೆಯಾಗಿ ಬರಲಿ, ಕುಡಿಯುವ ನೀರಿನ ತೊಟ್ಟಿಯಾಗಿ ಬರಲಿ, ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆಯಾಗಿ ಬರಲಿ, ಪ್ರತಿವರ್ಷ ಒಂದು ಡಜನ್ ಚೆಂಡುಗಳಾಗಿ ಬರಲಿ. ಸಹೋದ್ಯೋಗಿಗಳಲ್ಲಿಯೂ ಒಂದು ಕೋರಿಕೆ: ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾಯಿತೆಂದು ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವುದು ಬೇಡ. ಭವನದ ವಿಚಾರ ಮುಂದಿನ ತಿಂಗಳು ಸಮಿತಿಯ ಮುಂದೆ ಬರಲಿದೆ. ತೀರ್ಮಾನ ನಿಮ್ಮದು. ಕೈಯೆತ್ತುವ ಮುನ್ನ ಒಂದು ಸಂಜೆ ಬಂದು ಇಲ್ಲಿ ಅರ್ಧ ಗಂಟೆ ನಿಂತು ನೋಡಿರೆಂದಷ್ಟೇ ಪ್ರಾರ್ಥಿಸುತ್ತೇವೆ.

ಬಹುಮಾನ ಪಡೆಯಲಿರುವ ಮಕ್ಕಳಿಗೂ ಸೋತು ಕೈಕುಲುಕಿದ ಮಕ್ಕಳಿಗೂ ನಮ್ಮ ಆಶೀರ್ವಾದ.