ಒಂದು ರಬ್ಬರ್ ಪಟ್ಟಿಯ ವಾಯಿದೆ

ಕಾರಿನ ಬಾನೆಟ್ ಎತ್ತಿದರೂ ಕಣ್ಣಿಗೆ ಬೀಳದ ಒಂದು ಭಾಗದ ಬಗ್ಗೆ ಇವತ್ತು ಮಾತಾಡೋಣ. ಎಂಜಿನ್ನಿನ ಒಂದು ಮಗ್ಗುಲಲ್ಲಿ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದರೊಳಗೆ ಎರಡು ಬೆರಳಗಲದ, ಒಳಮೈಗೆಲ್ಲ ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ ಓಡುತ್ತಿರುತ್ತದೆ. ಅದೇ ಟೈಮಿಂಗ್ ಬೆಲ್ಟ್. ಹೊರಗೆ ಕಾಣುವ ಫ್ಯಾನ್ ಬೆಲ್ಟನ್ನೇ ಟೈಮಿಂಗ್ ಬೆಲ್ಟ್ ಅಂದುಕೊಂಡವರು ಬಹಳ ಮಂದಿ ಇದ್ದಾರೆ. ಫ್ಯಾನ್ ಬೆಲ್ಟ್ ಹರಿದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎ.ಸಿ. ನಿಲ್ಲುತ್ತದೆ. ಹೊಸದು ಹಾಕಿಸಿದರೆ ಗಾಡಿ ಮತ್ತೆ ಓಡುತ್ತದೆ. ಟೈಮಿಂಗ್ ಬೆಲ್ಟ್ ಹರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಹಾಗಾಗುವುದಿಲ್ಲ. ಹರಿದ ಗಳಿಗೆಯಲ್ಲೇ ಒಳಗೆ ಲೋಹಕ್ಕೆ ಲೋಹ ಬಡಿದು ವಾಲ್ವ್‌ಗಳು ಬಾಗಿರುತ್ತವೆ. ಯಾಕೆ ಹೀಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಎಂಜಿನ್ನಿನ ತಳದಲ್ಲಿ ಕ್ರ್ಯಾಂಕ್ ಶಾಫ್ಟ್. ಅದು ತಿರುಗಿದಂತೆ ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ನೆತ್ತಿಯ ಮೇಲೆ, ಮೆಕ್ಯಾನಿಕ್‌ಗಳು ಹೆಡ್ ಅನ್ನುವ ಭಾಗದಲ್ಲಿ, ಕ್ಯಾಮ್ ಶಾಫ್ಟ್. ಅದರ ಉಬ್ಬುಗಳು ವಾಲ್ವ್‌ಗಳನ್ನು ಕೆಳಕ್ಕೆ ಒತ್ತಿ ತೆರೆಯುತ್ತವೆ, ಸ್ಪ್ರಿಂಗ್‌ಗಳು ಅವನ್ನು ಮತ್ತೆ ಮೇಲಕ್ಕೆಳೆದು ಮುಚ್ಚುತ್ತವೆ. ಗಾಳಿ ಒಳಗೆ ಬರಲು ಒಂದು ಬಗೆಯ ವಾಲ್ವ್, ಹೊಗೆ ಹೊರಗೆ ಹೋಗಲು ಇನ್ನೊಂದು. ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಸರಿಯಾಗಿ ಒಂದೇ ಸುತ್ತು ತಿರುಗಬೇಕು. ಅದಕ್ಕಾಗಿಯೇ ಮೇಲಿನ ಪುಲ್ಲಿಗೆ ಕೆಳಗಿನದರ ಎರಡರಷ್ಟು ಹಲ್ಲುಗಳು. ಈ ಎರಡು ಶಾಫ್ಟ್‌ಗಳನ್ನು ಹೆಜ್ಜೆ ತಪ್ಪದಂತೆ ಜೋಡಿಸಿ ಹಿಡಿದಿರುವುದು ಆ ಬೆಲ್ಟ್.

ಈಗ ಸ್ವಲ್ಪ ಲೆಕ್ಕ. ಪಿಸ್ಟನ್ 80 ಮಿಲಿಮೀಟರ್ ಏರಿಳಿಯುವ ಒಂದು ಡೀಸೆಲ್ ಎಂಜಿನ್ ತೆಗೆದುಕೊಳ್ಳಿ. ಅದರ ಕಂಪ್ರೆಷನ್ ಅನುಪಾತ 16 ಇರಲಿ, ಅಂದರೆ ಒಳಬಂದ ಗಾಳಿಯನ್ನು ಅದು ಹದಿನಾರನೇ ಒಂದು ಭಾಗಕ್ಕೆ ಅದುಮುತ್ತದೆ. ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗವನ್ನು ಸಮನಾಗಿ ಹರಡಿದರೆ ಅದರ ಎತ್ತರ ಐದೂವರೆ ಮಿಲಿಮೀಟರ್ ಕೂಡ ಆಗುವುದಿಲ್ಲ. ಅದರಲ್ಲೂ ಹೆಚ್ಚಿನ ಪಾಲು ಪಿಸ್ಟನ್ನಿನ ತಲೆಯಲ್ಲಿ ಕೊರೆದ ಬಟ್ಟಲಿನಲ್ಲೇ ಇರುತ್ತದೆ. ಬಟ್ಟಲಿನ ಸುತ್ತಲಿನ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವುದು ಸುಮಾರು ಒಂದು ಮಿಲಿಮೀಟರ್. ವಾಲ್ವ್ ಪೂರ್ತಿ ತೆರೆದಾಗಲಾದರೋ ಎಂಟು ಒಂಬತ್ತು ಮಿಲಿಮೀಟರ್ ಕೆಳಗಿಳಿದಿರುತ್ತದೆ. ಒಂದೇ ಜಾಗವನ್ನು ಎರಡು ವಸ್ತುಗಳು ಬೇರೆ ಬೇರೆ ಹೊತ್ತಿನಲ್ಲಿ ಬಳಸುತ್ತಿವೆ ಎಂದಾಯಿತು. ಭತ್ತ ಕುಟ್ಟುವುದನ್ನು ಕಂಡವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಒಂದೇ ಒರಳು, ಎರಡು ಒನಕೆ, ಎದುರುಬದುರು ನಿಂತ ಇಬ್ಬರು ಹೆಂಗಸರು. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯುತ್ತದೆ. ಲಯ ಸರಿಯಿರುವವರೆಗೆ ಒನಕೆಗೆ ಒನಕೆ ತಾಗುವುದಿಲ್ಲ. ಇಂಥ ಎಂಜಿನ್‌ಗಳಿಗೆ ಇಂಟರ್‌ಫಿಯರೆನ್ಸ್ ಎಂಜಿನ್ ಅನ್ನುತ್ತಾರೆ. ಡೀಸೆಲ್ ಕಾರುಗಳ ಎಂಜಿನ್‌ಗಳು ಹೆಚ್ಚುಕಡಿಮೆ ಎಲ್ಲವೂ ಈ ಜಾತಿಯವೇ. ಪೆಟ್ರೋಲ್ ಎಂಜಿನ್‌ಗಳಲ್ಲಿ ಎರಡು ಬಗೆಯವೂ ಇವೆ. ಕೆಲವು ಹಳೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಬೆಲ್ಟ್ ಹರಿದರೂ ಪಿಸ್ಟನ್ ವಾಲ್ವ್‌ಗೆ ಮುಟ್ಟದಷ್ಟು ಜಾಗ ಬಿಟ್ಟಿರುತ್ತಿದ್ದರು. ಅಂಥ ಕಾರಿನಲ್ಲಿ ಒಮ್ಮೆ ಬೆಲ್ಟ್ ಹರಿದು, ಹೊಸದು ಹಾಕಿಸಿಕೊಂಡು ಅದೇ ದಿನ ಮನೆಗೆ ಬಂದವರು ಅದನ್ನೇ ಎಲ್ಲ ಕಾರುಗಳಿಗೂ ಅನ್ವಯಿಸಿ ಧೈರ್ಯ ಹೇಳುತ್ತಾರೆ. ಆ ಧೈರ್ಯವನ್ನು ನಂಬಬೇಡಿ.

ಹಾಗಾದರೆ ಇಂಥ ಎಂಜಿನ್ ಮಾಡುವುದಾದರೂ ಯಾಕೆ ಎಂದು ಕೇಳಬಹುದು. ಜಾಗ ಹೆಚ್ಚು ಬಿಟ್ಟರೆ ಗಾಳಿಯನ್ನು ಬಿಗಿಯಾಗಿ ಅದುಮಲು ಆಗುವುದಿಲ್ಲ. ಅದುಮಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ವಾಲ್ವ್ ಹೆಚ್ಚು ತೆರೆದಷ್ಟೂ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. ಪಿಸ್ಟನ್ನಿನ ತಲೆಯಲ್ಲಿ ಆಳವಾದ ಗುಳಿಗಳನ್ನು ತೋಡಿ ವಾಲ್ವ್‌ಗೆ ಜಾಗ ಮಾಡಿಕೊಡಬಹುದು. ಆದರೆ ಆ ಗುಳಿಗಳು ಉರಿಯುವ ಕೋಣೆಯ ಆಕಾರವನ್ನು ಕೆಡಿಸುತ್ತವೆ, ಶಾಖ ನಷ್ಟವಾಗುತ್ತದೆ, ಇಂಧನ ಪೂರ್ತಿ ಉರಿಯುವುದಿಲ್ಲ. ನಮ್ಮ ಕಾರು ಲೀಟರಿಗೆ ಕೊಡುವ ಒಳ್ಳೆಯ ಮೈಲೇಜಿನಲ್ಲಿ ಆ ಒಂದು ಮಿಲಿಮೀಟರಿನ ಪಾಲೂ ಇದೆ. ಆದ್ದರಿಂದ ಇದನ್ನು ವಿನ್ಯಾಸದ ದೋಷ ಎಂದು ಬಯ್ಯುವುದು ನನಗೆ ಒಪ್ಪಿಗೆಯಿಲ್ಲ. ಇದೊಂದು ಒಪ್ಪಂದ. ಎಂಜಿನಿಯರ್ ತನ್ನ ಭಾಗ ನಡೆಸಿ, ಬೆಲ್ಟಿನ ವಾಯಿದೆ ಇಷ್ಟು ಎಂದು ಕಾರಿನ ಜೊತೆ ಬರುವ ಪುಸ್ತಕದಲ್ಲಿ ಬರೆದುಕೊಟ್ಟಿದ್ದಾನೆ. ಆ ಪುಟ ಓದುವವರಿಲ್ಲ ಎಂಬುದೇ ನನ್ನ ಸಂಕಟ.

ಹಲ್ಲಿನ ಬೆಲ್ಟು ಮೊದಲು ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ, ಹೊಲಿಗೆ ಯಂತ್ರದ ಸೂಜಿ ಮತ್ತು ಬಾಬಿನ್ ಒಂದಕ್ಕೊಂದು ಹೊಂದಿ ಓಡಲೆಂದು ಅದನ್ನು ರೂಪಿಸಿದರು. ಮಾರುಕಟ್ಟೆಗೆ ಬಂದ ಕಾರುಗಳಲ್ಲಿ ಅದನ್ನು ಮೊದಲು ಬಳಸಿದ್ದು ಜರ್ಮನಿಯ ಬವೇರಿಯಾದ ಗ್ಲಾಸ್ ಕಂಪನಿ, 1962ರ ತನ್ನ 1004 ಎಂಬ ಪುಟ್ಟ ಕಾರಿನಲ್ಲಿ. 1966ರಲ್ಲಿ ಇಟಲಿಯ ಫಿಯೆಟ್ ತನ್ನ 124 ಸ್ಪೋರ್ಟ್ ಕಾರಿಗೆ ಬೆಲ್ಟಿನಿಂದ ಓಡುವ ಜೋಡಿ ಕ್ಯಾಮ್ ಎಂಜಿನ್ ತಂದಿತು. ಅದರ ಶಿಲ್ಪಿ ಔರೇಲಿಯೋ ಲಂಪ್ರೇದಿ, ಅದಕ್ಕೂ ಮೊದಲು ಫೆರಾರಿಗೆ ಎಂಜಿನ್ ಮಾಡಿಕೊಟ್ಟವರು. ನಮ್ಮಲ್ಲಿ ಅಂಬಾಸಡರ್, ಪದ್ಮಿನಿ ಕಾರುಗಳ ಕ್ಯಾಮ್ ಶಾಫ್ಟ್ ಕೆಳಗೆ, ಕ್ರ್ಯಾಂಕಿನ ಪಕ್ಕದಲ್ಲೇ ಇರುತ್ತಿತ್ತು. ಒಂದು ಗಿಡ್ಡ ಚೈನು ಸಾಕಾಗುತ್ತಿತ್ತು. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಕ್ಯಾಮ್ ಶಾಫ್ಟ್ ತಲೆಯ ಮೇಲಿತ್ತು, ಅದನ್ನು ಓಡಿಸಲು ಬೆಲ್ಟ್ ಇತ್ತು. ಬೆಲ್ಟಿಗೆ ಎಣ್ಣೆ ಬೇಡ, ಸದ್ದಿಲ್ಲ, ಹಗುರ, ಅಗ್ಗ. ಅದು ಗೆದ್ದದ್ದು ಹೀಗೆ.

ಆದರೆ ಸದ್ದಿಲ್ಲದಿರುವುದೇ ಅದರ ಅಪಾಯ. ಚೈನು ಸವೆದು ಜೋಲಾದರೆ ಬೆಳಗಿನ ಮೊದಲ ಸ್ಟಾರ್ಟಿಗೆ ಕಟಕಟ ಅಂದು ತಿಂಗಳುಗಟ್ಟಲೆ ಮೊದಲೇ ತಿಳಿಸುತ್ತದೆ. ಬೆಲ್ಟ್ ಹರಿಯುವ ಹಿಂದಿನ ನಿಮಿಷದವರೆಗೂ ಚೆನ್ನಾಗಿಯೇ ಓಡುತ್ತಿರಬಹುದು.

ಹರಿದ ಗಳಿಗೆಯನ್ನೇ ಹತ್ತಿರದಿಂದ ನೋಡೋಣ. ಹೆದ್ದಾರಿಯಲ್ಲಿ ಗಾಡಿ ಹೋಗುತ್ತಿದೆ, ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದೆ. ಅಂದರೆ ಸೆಕೆಂಡಿಗೆ 40 ಸುತ್ತು, ಒಂದು ಸುತ್ತಿಗೆ ಸೆಕೆಂಡಿನ 40ನೇ ಒಂದು ಭಾಗ. ಬೆಲ್ಟ್ ಹರಿಯಿತು. ಅಥವಾ, ಇದೂ ಅಷ್ಟೇ ಸಾಮಾನ್ಯ, ಕೆಳಗಿನ ಸಣ್ಣ ಪುಲ್ಲಿಯ ಬಳಿ ನಾಲ್ಕಾರು ಹಲ್ಲುಗಳು ಕಿತ್ತುಬಂದವು. ಸ್ಪ್ರಿಂಗ್‌ಗಳ ಒತ್ತಡಕ್ಕೆ ಕ್ಯಾಮ್ ಶಾಫ್ಟ್ ಇದ್ದಲ್ಲೇ ನಿಂತುಬಿಡುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಅದು ಎಲ್ಲಿ ನಿಂತರೂ ಯಾವುದೋ ಒಂದೆರಡು ವಾಲ್ವ್ ತೆರೆದೇ ಇರುತ್ತವೆ. ಕ್ರ್ಯಾಂಕ್ ಮಾತ್ರ ನಿಲ್ಲುವುದಿಲ್ಲ. ಗಾಡಿ ಗೇರಿನಲ್ಲಿದೆ, ಚಕ್ರಗಳೇ ಅದನ್ನು ತಿರುಗಿಸುತ್ತಿವೆ. ಮುಂದಿನ ಸುತ್ತಿನಲ್ಲೇ ಪಿಸ್ಟನ್ ಏರಿ ಬಂದು ತೆರೆದ ವಾಲ್ವ್‌ಗೆ ಬಡಿಯುತ್ತದೆ. ಚಾಲಕ ರೆಪ್ಪೆ ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ವಾಲ್ವ್‌ಗಳು ಸಾಮಾನ್ಯವಾಗಿ ಓರೆಯಾಗಿ ಕೂತಿರುತ್ತವೆ. ಪೆಟ್ಟು ಅಂಚಿಗೆ ಬಿದ್ದು, ಪೆನ್ಸಿಲಿಗಿಂತ ತೆಳ್ಳಗಿರುವ ಅವುಗಳ ದಂಟು ಬಾಗುತ್ತದೆ. ಬಿಚ್ಚಿದ ವಾಲ್ವನ್ನು ಗಾಜಿನ ಹಾಳೆಯ ಮೇಲೆ ಉರುಳಿಸಿ ನೋಡಿ. ಕಣ್ಣಿಗೆ ನೇರ ಕಂಡದ್ದೂ ಉರುಳುವಾಗ ಕುಂಟುತ್ತದೆ. ಕೂದಲೆಳೆಯಷ್ಟು ಬಾಗಿದರೂ ಅದರ ತಲೆ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ, ಗಾಳಿ ಸೋರುತ್ತದೆ. ಪಿಸ್ಟನ್ನಿನ ತಲೆಯ ಮೇಲೆ ಕಪ್ಪು ಮಸಿಯ ನಡುವೆ ಹೊಳೆಯುವ ಅರ್ಧಚಂದ್ರಾಕಾರದ ಕಚ್ಚು ಉಳಿದಿರುತ್ತದೆ. ಡೀಸೆಲ್ಲಿನಲ್ಲಿ ವಾಲ್ವ್‌ಗಳು ನೆಟ್ಟಗೆ ನಿಂತಿರುವುದೇ ಹೆಚ್ಚು. ಅಲ್ಲಿ ಪೆಟ್ಟು ನೇರ ಮೇಲಕ್ಕೆ ಹೋಗಿ, ಕ್ಯಾಮಿನ ಒತ್ತನ್ನು ವಾಲ್ವಿಗೆ ದಾಟಿಸುವ ರಾಕರ್‌ಗಳು ಮುರಿಯುತ್ತವೆ, ಒಮ್ಮೊಮ್ಮೆ ಕ್ಯಾಮ್ ಶಾಫ್ಟೇ ಸೀಳುತ್ತದೆ. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ರಾಕರ್ ಮುರಿದು ವಾಲ್ವನ್ನು ಉಳಿಸಿಕೊಡುವುದೂ ಉಂಟು. ಎಲ್ಲಕ್ಕಿಂತ ಕೆಟ್ಟದ್ದು ವಾಲ್ವಿನ ತಲೆ ಮುರಿದು ಸಿಲಿಂಡರಿನೊಳಗೆ ಬೀಳುವುದು. ಆಮೇಲೆ ಪಿಸ್ಟನ್ನೂ ಉಳಿಯುವುದಿಲ್ಲ, ಸಿಲಿಂಡರ್ ಗೋಡೆಯೂ ಉಳಿಯುವುದಿಲ್ಲ.

ಓಡುತ್ತಿದ್ದ ಗಾಡಿಯ ಎಂಜಿನ್ ಹೀಗೆ ಒಮ್ಮೆಲೇ ಆರಿದರೆ ಕೂಡಲೇ ಕ್ಲಚ್ ಒತ್ತಿ. ಆದ ಹಾನಿ ತಪ್ಪುವುದಿಲ್ಲ, ಆಗಬಹುದಾದ ಹಾನಿ ತಪ್ಪುತ್ತದೆ. ಸ್ಟಿಯರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಒಂದೆರಡು ಸಲವಷ್ಟೇ ಮೆತ್ತಗೆ ಸಿಗುತ್ತದೆ, ಆಮೇಲೆ ಬಲವಾಗಿ ತುಳಿಯಬೇಕು. ಗಾಬರಿಯಾಗದೆ ಎಡಕ್ಕೆ ತಂದು ನಿಲ್ಲಿಸಿ. ಆಮೇಲಿನ ಮಾತು ಇನ್ನೂ ಮುಖ್ಯ. ಸೆಲ್ಫ್ ಹೊಡೆದು ನೋಡುತ್ತಲೇ ಇರಬೇಡಿ. ಒಮ್ಮೆ ತಿರುಗಿಸಿದಾಗ ಎಂದಿನ ಏರಿಳಿತವಿಲ್ಲದೆ ಸೊರ್ರನೆ, ಹಗುರವಾಗಿ ತಿರುಗಿದರೆ ಒಳಗೆ ಕಂಪ್ರೆಷನ್ ಇಲ್ಲವೆಂದು ಅರ್ಥ. ಅಲ್ಲಿಗೆ ಕೈ ಬಿಡಿ. ನಮ್ಮೂರುಗಳ ರಸ್ತೆಯಲ್ಲಿ ಗಾಡಿ ನಿಂತರೆ ನಾಲ್ಕು ಜನ ತಾವಾಗಿ ಓಡಿಬಂದು ತಳ್ಳಿ ಸ್ಟಾರ್ಟ್ ಮಾಡಲು ನೋಡುತ್ತಾರೆ. ಒಳ್ಳೆಯ ಮನಸ್ಸಿನವರು. ಅವರಿಗೆ ನಯವಾಗಿ ಬೇಡವೆನ್ನಿ, ನ್ಯೂಟ್ರಲ್‌ನಲ್ಲಿ ಪಕ್ಕಕ್ಕೆ ಸರಿಸಲು ಮಾತ್ರ ಸಹಾಯ ಕೇಳಿ. ಗೇರಿಗೆ ಹಾಕಿ ತಳ್ಳಿದರೆ ಪ್ರತಿ ಮಾರಿಗೂ ಪಿಸ್ಟನ್ ಮತ್ತೆ ಮತ್ತೆ ವಾಲ್ವ್‌ಗೆ ಗುದ್ದುತ್ತದೆ.

ಗ್ಯಾರೇಜಿನಲ್ಲಿ ಹೆಡ್ ಇಳಿಸುತ್ತಾರೆ. ಅದನ್ನು ಮಗ್ಗುಲಾಗಿ ಇಟ್ಟು ಗಾಳಿದಾರಿಗೆ ಪೆಟ್ರೋಲ್ ಸುರಿದು, ಯಾವ ವಾಲ್ವಿನ ಸುತ್ತ ಒಸರುತ್ತದೆ ಎಂದು ನೋಡುತ್ತಾರೆ. ಹಳೆಯ ವಿದ್ಯೆ, ಇಂದಿಗೂ ನಂಬಿಕಸ್ಥ. ಬಾಗಿದ್ದನ್ನು ನೇರ ಮಾಡಿ ಹಾಕುವ ಮಾತು ಬಂದರೆ ಒಪ್ಪಬೇಡಿ. ಹೊಸ ವಾಲ್ವ್ ಹಾಕಿ, ಅದರ ದಂಟು ಜಾರುವ ಗೈಡ್‌ಗಳನ್ನು ಪರೀಕ್ಷಿಸಿ, ಪೀಠಕ್ಕೆ ತಿಕ್ಕಿ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಬೇಕು. ಸಮಯಕ್ಕೆ ಬೆಲ್ಟ್ ಬದಲಿಸಿದ್ದರೆ ಆಗುತ್ತಿದ್ದ ಖರ್ಚಿನ ಹಲವು ಪಟ್ಟು ಇಲ್ಲಿ ಹೋಗುತ್ತದೆ. ಬಾಡಿಗೆ ಗಾಡಿ ಓಡಿಸುವವರಿಗಂತೂ ಗಾಡಿ ಗ್ಯಾರೇಜಿನಲ್ಲಿ ನಿಂತಷ್ಟು ದಿನದ ದುಡಿಮೆಯೂ ಹೋಗುತ್ತದೆ.

ಬೆಲ್ಟ್ ಹಾಳಾಗುವುದು ಹೇಗೆ? ಒಳಗೆ ಗಾಜಿನ ನಾರಿನ ಹುರಿಗಳು, ಸುತ್ತ ಶಾಖ ತಡೆಯುವ ರಬ್ಬರ್, ಹಲ್ಲುಗಳ ಮೇಲೆ ನೈಲಾನ್ ಬಟ್ಟೆ. ಶಾಖ ಮತ್ತು ಕಾಲ ಎರಡೂ ರಬ್ಬರನ್ನು ಗಡಸು ಮಾಡುತ್ತವೆ. ಆದ್ದರಿಂದಲೇ ಪುಸ್ತಕದಲ್ಲಿ ಕಿಲೋಮೀಟರ್ ಜೊತೆಗೆ ವರ್ಷವನ್ನೂ ಕೊಟ್ಟಿರುತ್ತಾರೆ. ಎಂಜಿನ್ನಿಗೆ ತಕ್ಕಂತೆ 60 ಸಾವಿರವೋ ಒಂದು ಲಕ್ಷವೋ ಕಿಲೋಮೀಟರ್, ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅದು. ಮದುವೆ ಮುಂಜಿಗೆ ಮಾತ್ರ ಹೊರತೆಗೆದು ಎಂಟು ವರ್ಷದಲ್ಲಿ 25 ಸಾವಿರ ಓಡಿಸಿದ ಕಾರಿನ ಬೆಲ್ಟ್ ಹೊಸದಲ್ಲ. ನೋಡಿ ತಿಳಿಯುತ್ತೇವೆ ಅನ್ನುವುದೂ ಬೇಡ. ಹಿಂದಿನ ಬೆಲ್ಟ್‌ಗಳಲ್ಲಿ ಬಿರುಕು ಕಾಣುತ್ತಿತ್ತು, ಈಗಿನ ರಬ್ಬರ್ ಕೊನೆಯವರೆಗೂ ಚೆಂದವಾಗಿಯೇ ಕಾಣಬಹುದು.

ಬೆಲ್ಟ್ ತಾನಾಗಿ ಸಾಯುವುದಕ್ಕಿಂತ ನೆರೆಯವರು ಅದನ್ನು ಕೊಲ್ಲುವುದೂ ಕಡಿಮೆಯಲ್ಲ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿನ ಬೇರಿಂಗ್ ಹಿಡಿದುಕೊಳ್ಳುತ್ತದೆ. ಅದೇ ಬೆಲ್ಟಿನಿಂದ ಓಡುವ ವಾಟರ್ ಪಂಪ್ ಜಾಮ್ ಆಗುತ್ತದೆ. ಶಾಫ್ಟಿನ ಸೀಲ್ ಸೋರಿ ಬಂದ ಎಣ್ಣೆಯನ್ನು ರಬ್ಬರ್ ಕುಡಿಯುತ್ತದೆ. ಹೊರಗಿನ ಫ್ಯಾನ್ ಬೆಲ್ಟ್ ಎಳೆಎಳೆಯಾಗಿ ಬಿಚ್ಚಿ ಮುಚ್ಚಳದೊಳಗೆ ಸೇರಿ ಸುತ್ತಿಕೊಳ್ಳುತ್ತದೆ. ಅದಕ್ಕೇ ಬೆಲ್ಟ್ ಬದಲಿಸುವಾಗ ಟೆನ್ಷನರ್, ಬೆಲ್ಟಿಗೆ ದಾರಿ ತೋರುವ ಐಡ್ಲರ್ ಚಕ್ರ, ಪಂಪ್ ಎಲ್ಲವನ್ನೂ ಒಟ್ಟಿಗೆ ಹಾಕಿಸಿ ಎನ್ನುವುದು. ಅದು ಗ್ಯಾರೇಜಿನವರ ದುರಾಸೆಯಲ್ಲ, ಬಿಚ್ಚುವ ಕೂಲಿ ಹೇಗೂ ಒಂದೇ. ಎಂಜಿನ್ ಆಯಿಲಿನಲ್ಲೇ ಮುಳುಗಿ ಓಡುವ ಬೆಲ್ಟುಗಳೂ ಬಂದಿವೆ. 2013ರಲ್ಲಿ ಭಾರತಕ್ಕೆ ಬಂದ ಫೋರ್ಡ್ ಇಕೋಸ್ಪೋರ್ಟ್‌ನ ಒಂದು ಲೀಟರ್ ಇಕೋಬೂಸ್ಟ್ ಪೆಟ್ರೋಲ್ ಎಂಜಿನ್ನಿನದು ಅಂಥದ್ದು. ಅಲ್ಲಿ ಆಯಿಲ್ ಬದಲಾವಣೆ ತಡವಾದರೆ, ಬೇರೆ ದರ್ಜೆಯ ಆಯಿಲ್ ಸುರಿದರೆ ರಬ್ಬರ್ ಉದುರಿ ಆಯಿಲ್ ಪಂಪಿನ ಜಾಲರಿಯನ್ನೇ ಕಟ್ಟಿಬಿಡಬಹುದು.

ಹೊಸ ಬೆಲ್ಟ್ ಹಾಕುವ ಹೊತ್ತಿಗೆ ಸಾಧ್ಯವಾದರೆ ನೀವೂ ಪಕ್ಕದಲ್ಲಿರಿ. ಪುಲ್ಲಿಗಳ ಗುರುತು ಹೊಂದಿಸಿ, ಬೆಲ್ಟ್ ಏರಿಸಿ, ಟೆನ್ಷನ್ ಕೊಟ್ಟ ಮೇಲೆ ಒಳ್ಳೆಯ ಮೆಕ್ಯಾನಿಕ್ ಕೀಲಿಗೆ ಕೈ ಹಾಕುವುದಿಲ್ಲ. ಕ್ರ್ಯಾಂಕಿನ ಬೋಲ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ, ಕೈಯಿಂದ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸುತ್ತಾನೆ. ಕಂಪ್ರೆಷನ್ನಿನ ಮೆತ್ತನೆಯ ಒತ್ತಡ ಬೇರೆ, ಲೋಹಕ್ಕೆ ಲೋಹ ತಾಗಿದ ಗಡಸು ತಡೆ ಬೇರೆ, ಅವನ ಮಣಿಕಟ್ಟಿಗೆ ಎರಡೂ ಗೊತ್ತು. ಗಡಸು ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಿ ಮತ್ತೆ ಬಿಚ್ಚುತ್ತಾನೆ. ಎರಡು ಸುತ್ತಿನ ನಂತರ ಗುರುತುಗಳು ಮತ್ತೆ ನೇರಕ್ಕೆ ಬಂದರೆ ಕೆಲಸ ಸರಿಯಾಗಿದೆ. ಆಮೇಲೆ ದಿನಾಂಕ ಮತ್ತು ಕಿಲೋಮೀಟರ್ ಬರೆದ ಒಂದು ಚೀಟಿಯನ್ನು ಬಾನೆಟ್ಟಿನ ಒಳಮೈಗೆ ಅಂಟಿಸಲು ಹೇಳಿ. ಬಿಲ್ ಜೋಪಾನವಾಗಿಡಿ.

ಬಿಲ್ಲಿನ ಮಾತು ಯಾಕೆಂದರೆ, ಈ ಹೊಡೆತ ಹೆಚ್ಚಾಗಿ ಬೀಳುವುದು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಮೇಲೆ. ಮೊದಲ ಮಾಲೀಕರು ಒಂದು ಬೆಲ್ಟಿನ ಆಯಸ್ಸು ಪೂರ್ತಿ ಬಳಸಿಕೊಂಡು ಮಾರುತ್ತಾರೆ. ಎರಡನೆಯವರು ಪೇಂಟ್ ನೋಡುತ್ತಾರೆ, ಟೈರ್ ನೋಡುತ್ತಾರೆ, ಎ.ಸಿ. ನೋಡುತ್ತಾರೆ. ಕಾರು ಕೊಳ್ಳುವ ಮುನ್ನ ಆ ಎಂಜಿನ್ನಿಗೆ ಬೆಲ್ಟೋ ಚೈನೋ ತಿಳಿದುಕೊಳ್ಳಿ. ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್ಲಿಗೆ ಚೈನು, ಡಸ್ಟರ್‌ನ 1.5 ಲೀಟರ್ ಡೀಸೆಲ್ಲಿಗೆ ಬೆಲ್ಟು. ಕಾರಿನ ಹೆಸರು ಕೇಳಿದರೆ ಸಾಲದು, ಎಂಜಿನ್ ಯಾವುದೆಂದು ಕೇಳಬೇಕು. ಬೆಲ್ಟಾದರೆ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ, ಮಾರುವವರು ಎಷ್ಟೇ ಆಣೆ ಪ್ರಮಾಣ ಮಾಡಲಿ, ಬದಲಿಸಿಲ್ಲವೆಂದೇ ಲೆಕ್ಕ ಹಿಡಿಯಿರಿ. ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತು ಮುಗಿಸಿ, ದೇವಸ್ಥಾನಕ್ಕೆ ಪೂಜೆಗೆ ಒಯ್ದ ಮರುದಿನವೇ ಗ್ಯಾರೇಜಿಗೆ ಒಯ್ಯಿರಿ.