ತೋಟಾಗಳ ಮಾಲೆ



ಒಂದು ದಿನ ತರಗತಿಯಲ್ಲಿ ಖಾಂಡವದಹನದ ಕಥೆಯನ್ನು ಹೇಳುತ್ತಿದ್ದೆ. ಅರ್ಜುನನಿಗೆ ಗಾಂಡೀವದೊಡನೆ ಎಂದಿಗೂ ಬರಿದಾಗದ ಬತ್ತಳಿಕೆಗಳು ದೊರೆತುವೆಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಹಾಗಾದರೆ ಅದು ಮೆಷಿನ್ ಗನ್ ಇದ್ದ ಹಾಗೆ, ಅಲ್ಲವೇ ಸಾರ್?" ಎಂದ. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಬಂದೂಕು ತೋಟಾಗಳನ್ನು ನುಂಗುವ ಬಗೆ ನನಗೇ ತಿಳಿದಿರಲಿಲ್ಲ. ಓದಿಕೊಂಡು ಬಂದು ಹೇಳುತ್ತೇನೆಂದೆ. ಅವನಿಗೆ ಹೇಳಿದ್ದನ್ನೇ ಈಗ ತಮ್ಮ ಮುಂದಿಡುತ್ತೇನೆ.

ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಹೈರಮ್ ಮ್ಯಾಕ್ಸಿಮ್ ಎಂಬಾತ 1884ರ ಸುಮಾರಿಗೆ ತನ್ನ ಬಂದೂಕನ್ನು ರೂಪಿಸಿದ. ಅದಕ್ಕೆ ಮೊದಲಿದ್ದ ಗ್ಯಾಟ್ಲಿಂಗ್ ಬಂದೂಕಿಗೆ ಕೈಯಿಂದ ಹಿಡಿ ತಿರುಗಿಸಬೇಕಿತ್ತು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದಷ್ಟೆ. ವ್ಯರ್ಥವಾಗುತ್ತಿದ್ದ ಆ ಒದೆತವನ್ನೇ ಮ್ಯಾಕ್ಸಿಮ್ ಆಳಾಗಿ ದುಡಿಸಿಕೊಂಡ.

ತೋಟಾಗಳನ್ನು ಒದಗಿಸುವುದು ದಪ್ಪ ಬಟ್ಟೆಯ ಪಟ್ಟಿ. ಅದರಲ್ಲಿ ಸಾಲಾಗಿ 250 ಗೂಡುಗಳು, ಗೂಡಿಗೊಂದು ತೋಟಾ. ಪಟ್ಟಿ ಬಲಗಡೆಯಿಂದ ಒಳಹೋಗಿ ಎಡಗಡೆ ಬರಿದಾಗಿ ಹೊರಬೀಳುತ್ತದೆ. ಒಂದೊಂದು ಒದೆತಕ್ಕೂ ಪಟ್ಟಿ ಒಂದೊಂದು ಗೂಡಿನಷ್ಟು ಸರಿಯುತ್ತದೆ. ಒಳಗಿನ ಕೊಕ್ಕೆಯೊಂದು ತೋಟಾದ ಹಿಂಬದಿಯ ಅಂಚನ್ನು ಕಚ್ಚಿ, ಗೂಡಿನಿಂದ ಹಿಂದಕ್ಕೆಳೆದು, ಕೆಳಗಿಳಿಸಿ, ನಳಿಗೆಯೊಳಕ್ಕೆ ನೂಕುತ್ತದೆ. ಅದೇ ಓಟದಲ್ಲಿ ಹಳೆಯ ಖಾಲಿ ತೋಟಾವನ್ನೂ ಹೊರಕ್ಕೆಳೆದು ಹಾಕುತ್ತದೆ. ಇಷ್ಟೂ ಕೆಲಸ ಕ್ಷಣಾರ್ಧದಲ್ಲಿ.

ಆದರೆ ಬಟ್ಟೆ ಬಟ್ಟೆಯೇ. ನೆನೆದರೆ ಬಿಗಿದು ತೋಟಾವನ್ನು ಬಿಡದು. ಪಟ್ಟಿ ಓರೆಯಾದರೆ ಯಂತ್ರ ನಿಲ್ಲುವುದು. ಅದಕ್ಕೆಂದೇ ಎರಡನೆಯ ಸೈನಿಕನೊಬ್ಬ ಪಕ್ಕದಲ್ಲಿದ್ದು ಪಟ್ಟಿಯನ್ನು ನೆಟ್ಟಗೆ ಹಿಡಿದು ಒಳಬಿಡುತ್ತಿದ್ದ. ವಿಮಾನದಲ್ಲಾದರೋ ಬರಿದಾದ ಪಟ್ಟಿ ಗಾಳಿಗೆ ಬಡಿದಾಡುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಇದಕ್ಕೊಂದು ಉಪಾಯ ಬಂದಿತು: ಲೋಹದ ಪುಟ್ಟ ಕೊಂಡಿಗಳು. ಎರಡು ಕೊಂಡಿಗಳನ್ನು ಕೂಡಿಸುವ ಕೀಲು ಯಾವುದು? ತೋಟಾವೇ! ಅದನ್ನು ಎಳೆದೊಡನೆ ಕೊಂಡಿ ಕಳಚಿ ಉದುರುತ್ತದೆ. ಹೂವೇ ದಾರವೂ ಆದ ಮಾಲೆಯೆಂದುಕೊಳ್ಳಿ. ಹೂ ಕಿತ್ತರೆ ಮಾಲೆಯಿಲ್ಲ. ಕಾನ್ಪುರದ ಕಾರ್ಖಾನೆಯಲ್ಲಿ ನಮ್ಮ ಸೇನೆಗಾಗಿ ತಯಾರಾಗುವ 7.62 ಮಿಲಿಮೀಟರ್ ಮಾದರಿಯ ಬಂದೂಕಿಗೂ ಇಂಥ ಕೊಂಡಿಪಟ್ಟಿಯೇ ಆಹಾರ.

ಹುಡುಗನಿಗೆ ಕೊನೆಗೆ ಹೇಳಿದೆ: "ನಿನ್ನ ಹೋಲಿಕೆ ಅರ್ಧ ಸರಿಯಪ್ಪಾ. ನಿಮಿಷಕ್ಕೆ 500ರಂತೆ ಹಾರಿಸಿದರೆ 250 ತೋಟಾಗಳ ಪಟ್ಟಿ ಅರ್ಧ ನಿಮಿಷಕ್ಕೆ ಮುಗಿಯಿತು. ಅದು ಅಕ್ಷಯವಲ್ಲ. ಗೂಡುಗಳನ್ನು ಮತ್ತೆ ತುಂಬಲು ಮನುಷ್ಯನೇ ಬೇಕು."

ಅವನು ಕುಳಿತುಕೊಳ್ಳಲಿಲ್ಲ. "ಆ ಅರ್ಧ ನಿಮಿಷ ಎದುರಿಗೆ ನಿಂತವರು ಏನು ಮಾಡುತ್ತಿದ್ದರು ಸಾರ್?" ಎಂದ.

ಯಂತ್ರದ ಪುಸ್ತಕಗಳಲ್ಲಿ ಈ ಪ್ರಶ್ನೆಯಿಲ್ಲ. ಚರಿತ್ರೆಯಲ್ಲಿ ಇದೆ. 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಬ್ರಿಟಿಷ್ ಸೇನೆ ಯಂತ್ರಬಂದೂಕು, ಫಿರಂಗಿಗಳೆದುರು ನಡೆದುಹೋಯಿತು; ಒಂದೇ ದಿನ 19,000ಕ್ಕೂ ಹೆಚ್ಚು ಮಂದಿ ಮಡಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮುಂದೆ ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಸವಾರರು ಈಟಿ ಹಿಡಿದು ಇಂಥ ಬಂದೂಕುಗಳ ಮೇಲೆ ಕುದುರೆ ಹಾಯಿಸಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇರಿತು. ಜೋಧಪುರದ ಮೇಜರ್ ದಳಪತ್ ಸಿಂಗ್ ಅಂದು ಪ್ರಾಣವಿತ್ತರು. ಪಟ್ಟಣ ವಶವಾಯಿತು.

"ಅವರು ನಿಲ್ಲಲಿಲ್ಲ ಮಗು, ಮುಂದಕ್ಕೆ ಓಡಿದರು" ಎಂದೆ. ಅವನು ಸುಮ್ಮನೆ ಕುಳಿತುಕೊಂಡ.

ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಆ ಮೈಸೂರು ಸವಾರರ ಸ್ಮಾರಕವಿದೆ. ಆ ದಾರಿಯಲ್ಲಿ ಹೋಗುವವರು ಒಂದು ಗಳಿಗೆ, ಅರ್ಧ ನಿಮಿಷ ಸಾಕು, ಅಲ್ಲಿ ನಿಲ್ಲಬೇಕೆಂದು ನನ್ನ ಬಿನ್ನಹ. ಒಂದು ತೋಟಾಪಟ್ಟಿ ಮುಗಿಯುವ ಹೊತ್ತು ಎಷ್ಟು ದೀರ್ಘವೆಂಬುದು ಆಗ ತಿಳಿದೀತು.