ಪುಸ್ತಕದ ವಯಸ್ಸು ಕೇಳಿದವರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ 2001ರಿಂದ 2004ರವರೆಗೆ ಓದಿದವನು. ಆಮೇಲೆ ಪಿಯುಸಿ, ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡೇ ಸಂಘಟಕರು ನನ್ನನ್ನು ಕರೆದಿರಬೇಕು. ಆದರೆ ಇವತ್ತು ನಾನು ಮಾತಾಡುವುದು ಪಂಚಾಯಿತಿ ಆಫೀಸಿನ ಪಕ್ಕದ ಒಂದು ಕೋಣೆಯ ಬಗ್ಗೆ. ಅದೇ ನಮ್ಮೂರ ಲೈಬ್ರರಿ.

ನಮ್ಮ ಶಾಲೆಯಲ್ಲಿ ಆಗ ಗ್ರಂಥಪಾಲಕರ ಹುದ್ದೆ ಇರಲಿಲ್ಲ, ಈಗಲೂ ಇಲ್ಲ. ಪುಸ್ತಕದ ಬೀರುವಿನ ಬೀಗದ ಕೈ ಕನ್ನಡ ಮೇಷ್ಟ್ರ ಹತ್ತಿರ ಇರುತ್ತಿತ್ತು. ಪಾಠ, ಪರೀಕ್ಷೆ, ಜನಗಣತಿ, ಚುನಾವಣೆ ಕೆಲಸ ಎಲ್ಲದರ ನಡುವೆ ಅವರಿಗೆ ಬೀರು ತೆಗೆಯಲು ಪುರುಸೊತ್ತು ಸಿಗುತ್ತಿರಲಿಲ್ಲ. ಹಾಗಾಗಿ ನಾವು ಕೆಲವರು ಸಂಜೆ ಊರಿನ ಲೈಬ್ರರಿಗೆ ಹೋಗುತ್ತಿದ್ದೆವು. ಅಲ್ಲಿದ್ದವರನ್ನು ಎಲ್ಲರೂ ‘ಲೈಬ್ರರಿಯಣ್ಣ’ ಎನ್ನುತ್ತಿದ್ದರು. ಸರ್ಕಾರದ ಕಾಗದದಲ್ಲಿ ಅವರು ಬರೀ ಮೇಲ್ವಿಚಾರಕರು. ತಿಂಗಳಿಗೆ ಸಿಗುತ್ತಿದ್ದ ಹಣಕ್ಕೆ ಸಂಬಳ ಅನ್ನುವ ಹೆಸರೂ ಇರಲಿಲ್ಲ, ಅದು ಗೌರವಧನ.

ಒಂಬತ್ತನೇ ತರಗತಿಯಲ್ಲಿ ರಾಜ್ಯೋತ್ಸವಕ್ಕೆ ಪ್ರಬಂಧ ಸ್ಪರ್ಧೆ ಇತ್ತು. ಲೈಬ್ರರಿಯ ದಪ್ಪ ರಟ್ಟಿನ ಪುಸ್ತಕವೊಂದನ್ನು ನೋಡಿ, ಕರ್ನಾಟಕದಲ್ಲಿ 20 ಜಿಲ್ಲೆಗಳಿವೆ ಎಂದು ಬರೆದೆ. ಪಾಠದಲ್ಲಿ 27 ಎಂದು ಹೇಳಿಕೊಟ್ಟಿದ್ದರು. ಆದರೂ ಅಷ್ಟು ದಪ್ಪ ಪುಸ್ತಕ ಸುಳ್ಳು ಹೇಳುತ್ತದೆಯೇ ಎಂದು ನನ್ನ ಲೆಕ್ಕ. ಬಹುಮಾನ ಕೈತಪ್ಪಿತು. ಸಂಜೆ ಹೋಗಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, “ನಿಮ್ಮ ಪುಸ್ತಕ ತಪ್ಪು” ಅಂದೆ.

ಅವರು ಬೈಯಲಿಲ್ಲ. “ಏನಪ್ಪಾ, ಈ ಪುಸ್ತಕಕ್ಕೆ ವಯಸ್ಸೆಷ್ಟು ಅಂತ ಕೇಳಿದೆಯಾ?” ಅಂದರು. ರಟ್ಟು ತೆಗೆದು, ಹೆಸರಿನ ಪುಟದ ಹಿಂದಿನ ಪುಟ ತೋರಿಸಿದರು. ಅಚ್ಚಾದದ್ದು 1990. ಏಳು ಹೊಸ ಜಿಲ್ಲೆಗಳಾದದ್ದು 1997ರಲ್ಲಿ. “ಪುಸ್ತಕ ತನ್ನ ಕಾಲಕ್ಕೆ ಸರಿಯಾಗೇ ಹೇಳಿದೆ. ನೀನು ಅದರ ವಯಸ್ಸು ಕೇಳಲಿಲ್ಲ, ಅಷ್ಟೇ” ಅಂದರು. ಈಗ ಜಿಲ್ಲೆಗಳು 31. ಅವತ್ತು 27 ಎಂದು ಬರೆದು ಗೆದ್ದವನ ಪ್ರಬಂಧಕ್ಕೂ ಈಗ ವಯಸ್ಸಾಗಿದೆ!

ಅವರ ಇನ್ನೊಂದು ಅಭ್ಯಾಸ ನನಗೆ ಆಗ ಸಿಟ್ಟು ತರಿಸುತ್ತಿತ್ತು. ಕೇಳಿದ್ದನ್ನು ಕೈಗೆ ಕೊಡುತ್ತಿರಲಿಲ್ಲ. ಎರೆಹುಳು ಗೊಬ್ಬರದ ಬಗ್ಗೆ ಬೇಕು ಅಂದರೆ, ಕೃಷಿ ಪುಸ್ತಕಗಳ ಕಪಾಟು ತೋರಿಸಿ ಸುಮ್ಮನಾಗುವರು. ನಾನು ಒಂದೊಂದೇ ಹಾಳೆ ಮಗುಚುತ್ತಿದ್ದರೆ ಹತ್ತಿರ ಬಂದು, “ಮೊದಲು ಪರಿವಿಡಿ ನೋಡು. ಕೊನೆಯಲ್ಲಿ ಪದಸೂಚಿ ಇದ್ದರೆ ನಿನ್ನ ಅದೃಷ್ಟ” ಅನ್ನುವರು. ಒಂದು ಪುಸ್ತಕದಲ್ಲಿ ಸಿಕ್ಕಿದರೆ, “ಇದನ್ನೇ ಇನ್ನೊಬ್ಬರು ಏನು ಬರೆದಿದ್ದಾರೆ ನೋಡಿಕೊಂಡು ಬಾ” ಎಂದು ಮತ್ತೆ ಕಳಿಸುವರು. ಇವರು ನನ್ನ ಸಮಯ ಹಾಳು ಮಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ.

ಪತ್ರಿಕೆ ಓದಿಸುವುದಂತೂ ಒಂದು ಆಟವೇ. ಹಳೆಯ ಪತ್ರಿಕೆ ಕೊಟ್ಟು ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಹೇಳಲಾಗುತ್ತಿದೆ’ ಎಂಬ ಪದಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ ಅನ್ನುವರು. ಎಳೆದ ಮೇಲೆ ಪ್ರಶ್ನೆ: “ಎನ್ನಲಾಗಿದೆ ಅಂತಿದೆಯಲ್ಲ, ಅಂದವರು ಯಾರು?” ಹೆಸರಿದ್ದರೆ ಸರಿ. ಇಲ್ಲದಿದ್ದರೆ ಅದೇ ಸುದ್ದಿಯನ್ನು ಇನ್ನೊಂದು ಪತ್ರಿಕೆಯಲ್ಲಿ ಹುಡುಕಬೇಕು.

ಮೂರು ಪ್ರಶ್ನೆಗಳು. ಹೇಳಿದವರು ಯಾರು? ಹೇಳಿದ್ದು ಯಾವಾಗ? ಬೇರೆ ಯಾರಾದರೂ ಇದನ್ನೇ ಹೇಳುತ್ತಾರಾ? ಇದಕ್ಕೆ ಇಂಗ್ಲಿಷಿನಲ್ಲಿ ಇನ್ಫರ್ಮೇಶನ್ ಲಿಟರಸಿ ಎಂಬ ಹೆಸರಿದೆ, ಅದನ್ನು ಕಲಿಸುವುದು ಗ್ರಂಥಪಾಲಕರ ಕೆಲಸ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರಾಗಿದ್ದವರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು, ಓದುಗರ ಸಮಯ ವ್ಯರ್ಥವಾಗಬಾರದು ಎಂಬ ಅರ್ಥದ್ದು. ಲೈಬ್ರರಿಯಣ್ಣ ಮಾಡುತ್ತಿದ್ದುದು ಅದನ್ನೇ. ಅವತ್ತಿನ ಅರ್ಧ ಗಂಟೆ ತೆಗೆದುಕೊಂಡು, ಮುಂದಿನ ಎಷ್ಟೋ ವರ್ಷ ಉಳಿಸುತ್ತಿದ್ದರು.

ಇನ್ನು ಹೇಳುವುದು ನನ್ನ ತಪ್ಪಿನ ಕಥೆ. ಅಪ್ಪ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಕೆಲವು ವರ್ಷಗಳ ಹಿಂದೆ ನನ್ನ ವಾಟ್ಸ್ಆ್ಯಪ್‌ಗೆ ಒಂದು ಸಂದೇಶ ಬಂತು. ಇಂಥ ಎಲೆಯ ಕಷಾಯ ಕುಡಿದರೆ ಮಾತ್ರೆಯೇ ಬೇಡ, ‘ಖ್ಯಾತ ವೈದ್ಯರು’ ಹೇಳಿದ್ದಾರೆ ಎಂದಿತ್ತು. ಆಫೀಸಿನ ಗಡಿಬಿಡಿಯಲ್ಲಿ ಪೂರ್ತಿ ಓದದೆ ಮನೆಯವರ ಗ್ರೂಪಿಗೆ ಕಳಿಸಿದೆ. ನನಗದು ನೂರರಲ್ಲಿ ಒಂದು ಸಂದೇಶ. ಅಪ್ಪನಿಗೆ ಅದು ಎಂಜಿನಿಯರ್ ಮಗ ಕಳಿಸಿದ ಮಾತು. ಎರಡು ತಿಂಗಳು ಮಾತ್ರೆ ಬಿಟ್ಟರು. ಕಾಲಿನ ಸಣ್ಣ ಗಾಯ ಮಾಯಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಒಂದು ಬೆರಳು ತೆಗೆಯಬೇಕಾಯಿತು.

ಅಪ್ಪ ಒಂದು ದಿನವೂ ನನ್ನನ್ನು ಅನ್ನಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಸಂದೇಶವನ್ನು ಮತ್ತೆ ಓದಿದೆ. ಯಾವ ವೈದ್ಯರು? ಹೆಸರಿಲ್ಲ. ಯಾವಾಗ ಹೇಳಿದ್ದು? ದಿನಾಂಕವಿಲ್ಲ. ಬೇರೆ ಯಾರಾದರೂ ಹೇಳುತ್ತಾರಾ? ಅಪ್ಪನ ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು. ಮೂರು ಪ್ರಶ್ನೆಗೂ ಐದು ನಿಮಿಷ ಸಾಕಿತ್ತು. ಒಂಬತ್ತನೇ ತರಗತಿಯಲ್ಲಿ ನನಗೆ ಗೊತ್ತಿದ್ದ ವಿದ್ಯೆ, ಬಿ.ಇ. ಮುಗಿಸಿದ ಮೇಲೆ ಮರೆತುಹೋಗಿತ್ತು. ರೂಢಿ ತಪ್ಪಿದರೆ ಈಜೂ ಮರೆಯುವುದಿಲ್ಲ ಅನ್ನುತ್ತಾರೆ. ಇದು ಮರೆಯುತ್ತದೆ.

ಈಗ ಪ್ರಶ್ನೆ ಕೇಳಿದರೆ ಮೊಬೈಲೇ ಕನ್ನಡದಲ್ಲಿ ಉತ್ತರ ಬರೆದುಕೊಡುತ್ತದೆ. ನಾನು ಅದೇ ಕ್ಷೇತ್ರದವನಾಗಿ ಹೇಳುತ್ತೇನೆ, ಅದು ಉಪಯೋಗದ ವಸ್ತು, ಬೇಡ ಅನ್ನುವುದಿಲ್ಲ. ಆದರೆ ಆ ತಂತ್ರಾಂಶ ಮುಂದಿನ ಪದ ಯಾವುದು ಬರಬಹುದು ಎಂದು ಅಂದಾಜಿಸುತ್ತಾ ವಾಕ್ಯ ಕಟ್ಟುತ್ತದೆ. ಸರಿ ಹೇಳುವಾಗಲೂ ತಪ್ಪು ಹೇಳುವಾಗಲೂ ಅದರ ದನಿ ಒಂದೇ. ತಡವರಿಸುವುದಿಲ್ಲ, ತಲೆ ಕೆರೆದುಕೊಳ್ಳುವುದಿಲ್ಲ. ಆದ್ದರಿಂದ ಈ ಮಕ್ಕಳಿಗೆ ಆ ಮೂರು ಪ್ರಶ್ನೆಗಳು ನಮಗಿಂತ ಹೆಚ್ಚು ಬೇಕು.

ಸುವರ್ಣ ಮಹೋತ್ಸವದ ನೆನಪಿಗೆ ನಾವು ಹಳೆಯ ವಿದ್ಯಾರ್ಥಿಗಳು ಸ್ವಾಗತ ಕಮಾನು ಕಟ್ಟಿಸುತ್ತಿದ್ದೇವೆ. ಸಂತೋಷ. ಅದರ ಜೊತೆಗೆ ನನ್ನದೊಂದು ಕೋರಿಕೆ. ವಾರಕ್ಕೆ ಒಂದು ಪೀರಿಯಡ್ ಮಕ್ಕಳನ್ನು ಊರಿನ ಲೈಬ್ರರಿಗೆ ಕಳಿಸೋಣ. ಅದಕ್ಕೀಗ ‘ಅರಿವು ಕೇಂದ್ರ’ ಎಂಬ ಒಳ್ಳೆಯ ಹೆಸರೂ ಬಂದಿದೆ. ಈಗಿನ ಮೇಲ್ವಿಚಾರಕಿಯ ಜೊತೆ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ. ಒಂದು ವಾರ ಒಂದೇ ವಿಷಯವನ್ನು ಹಳೆಯ ಪುಸ್ತಕ, ಹೊಸ ಪುಸ್ತಕ ಎರಡರಲ್ಲೂ ಹುಡುಕಲಿ. ಇನ್ನೊಂದು ವಾರ ‘ಎನ್ನಲಾಗಿದೆ’ಗೆ ಗೆರೆ ಎಳೆಯಲಿ. ಮತ್ತೊಂದು ವಾರ ಮನೆಯ ಮೊಬೈಲಿಗೆ ಬಂದ ಒಂದು ಸಂದೇಶ ಬರೆದುಕೊಂಡು ಬಂದು, ಅದು ಎಲ್ಲಿಂದ ಹೊರಟಿತು ಎಂದು ಪತ್ತೆ ಮಾಡಲಿ. ಇದಕ್ಕೆ ಬೇಕಾದ ಪುಸ್ತಕ, ಪತ್ರಿಕೆಗಳ ಖರ್ಚು ನಮ್ಮ ಬ್ಯಾಚಿನದು. ತಿಂಗಳಿಗೊಂದು ಶನಿವಾರ ನಾನೇ ಬಂದು ಮಕ್ಕಳ ಜೊತೆ ಕೂರುತ್ತೇನೆ. ಮುಖ್ಯೋಪಾಧ್ಯಾಯರು ಸಮ್ಮತಿಸಬೇಕು.

ಲೈಬ್ರರಿಯಣ್ಣ ಇಂದು ನಮ್ಮೊಂದಿಗಿಲ್ಲ. ಅವರು ಈ ಶಾಲೆಯ ಸಿಬ್ಬಂದಿಯಲ್ಲ, ಹಾಗಾಗಿ ಈ ಸಂಚಿಕೆಯ ಗುರುಗಳ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ. ನನ್ನ ಪಟ್ಟಿಯಲ್ಲಿ ಇದೆ.

ಮಕ್ಕಳೇ, ಇವತ್ತು ನಾನು ಹೇಳಿದ್ದನ್ನೂ ಸುಮ್ಮನೆ ನಂಬಬೇಡಿ. ಏಳು ಜಿಲ್ಲೆಗಳಾದದ್ದು 1997ರಲ್ಲೇ ಹೌದಾ ಎಂದು ನಾಳೆ ಲೈಬ್ರರಿಗೆ ಹೋಗಿ ನೋಡಿ. ನೋಡುವ ಮೊದಲು ಪುಸ್ತಕದ ವಯಸ್ಸು ಕೇಳಿ.